ಗೇಬ್ರಿಯಲ್‌ನ ಒಂದು ನಿಮಿಷ

ಟ್ರಾಫಿಕ್ಕಿನಲ್ಲಿ ಒದ್ದಾಡಿಕೊಂಡಾದರೂ ಬಂದು ಸೇರಿದ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ, ಗೇಬ್ರಿಯಲ್ ಅವರ ತಂಗಿ ರೋಸ್‌ಮೇರಿ ಅವರಿಗೂ ನಮಸ್ಕಾರ. ಜಾಹ್ನವಿ, ನಾನು ಹೇಳಿದ್ದನ್ನೆಲ್ಲ ಅವರಿಗೆ ಇಂಗ್ಲಿಷಿನಲ್ಲಿ ಹೇಳಮ್ಮ — ಬೈದದ್ದನ್ನೂ ಸೇರಿಸಿ.

ಬೈಯದೆ ಹೇಗಿರಲಿ? ದಿವಂಗತ ಗೇಬ್ರಿಯಲ್ ಅವರು — ಇಲ್ಲ, ಈ 'ಅವರು' ನನ್ನ ಬಾಯಲ್ಲಿ ಬರುತ್ತಿಲ್ಲ. ಎಂಟು ವರ್ಷ ಒಂದೇ ವರ್ಕ್‌ಶಾಪಿನಲ್ಲಿ ಜಗಳವಾಡಿದ್ದೇವೆ. ಫಿಲಿಪೀನ್ಸಿನಿಂದ ಈ ಕತಾರಿಗೆ ಬಂದ ಅವನು ನಮ್ಮ ಬೋರ್ಡ್ ಕಂಪನಿಯ ಡಿಸೈನರ್, ನಾನು ಮ್ಯಾನೇಜರ್. ಅವನ ಕೆಲಸ ಬಾಣದ ಗುರುತು ಹಾಕುವುದು: ಪ್ರವೇಶ ಈ ಕಡೆ, ಶೌಚಾಲಯ ಆ ಕಡೆ. ಅಷ್ಟು ಮಾಡಿಕೊಂಡು ತೆಪ್ಪಗಿದ್ದನೇ? ಇಲ್ಲ! ಚಿತ್ರ ಬರೆದ. ಹರಿದ ಬ್ಯಾನರಿನಲ್ಲಿ ಬೊಂಬೆ ಮಾಡಿದ. ಅಬು ಹಮೂರಿನ ಚರ್ಚಿಗೆ ನಾಟಕ ಬರೆದ. ಕಥೆ ಬರೆದು, ಯಾವ ಪತ್ರಿಕೆಗೂ ಕಳಿಸದೆ, ಊಟದ ಹೊತ್ತಿನಲ್ಲಿ ನಮಗೆ ಓದಿದ. ಒಂದು ಕಥೆಯಲ್ಲಿ ಸದಾ ಸಿಡುಕುವ ಮೈಸೂರಿನ ಮ್ಯಾನೇಜರ್ ಇದ್ದಾನೆ. "ಯಾರಯ್ಯಾ ಇವನು?" ಅಂದೆ. "ಬರೀ ಕಲ್ಪನೆ, ಸರ್ ಧನು" ಅಂದ. ಇಡೀ ವರ್ಕ್‌ಶಾಪಿನಲ್ಲಿ ಮೈಸೂರಿನವನು ಈ ಧನಂಜಯ ಒಬ್ಬನೇ!

ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ನಾಟಕಕ್ಕೆ ಅರಮನೆಯ ಪರದೆ ಬರೆದುಕೊಡು ಅಂದೆವು. ಬರೆದ. ಅರಮನೆಯ ಕಿಟಕಿ ತುಂಬ ಒಣಹಾಕಿದ ಬನಿಯನ್, ಲುಂಗಿ! ರಾಣಿಯಾಗಿದ್ದ ಹೇಮಲತಾ ಮೇಡಂ ಆ ಲುಂಗಿಯ ಕೆಳಗೇ ನಿಂತು ವಿರಹದಲ್ಲಿ ಅತ್ತರು. ನಗಬೇಡಿ ಮೇಡಂ — ಆವತ್ತು ನೀವು ಅವನಿಗೆ ಬೈದದ್ದು ನನಗೆ ನೆನಪಿದೆ.

ವರ್ಲ್ಡ್ ಕಪ್ಪಿನ ಹಿಂದಿನ ವಾರವಂತೂ ಕೇಳಲೇಬೇಡಿ. ಸ್ಟೇಡಿಯಂಗೆ ಬೋರ್ಡು ಹೋಗಬೇಕು, ಲಾರಿ ಕಾಯುತ್ತಿದೆ, ಫೋನ್ ಮೇಲೆ ಫೋನ್. ಇವನು ಲಾರಿ ಡ್ರೈವರ್ ಪಕೀರಬ್ಬನವರನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡು, ಬೋರ್ಡಿನ ಹಿಂಬದಿಗೆ ಅವರ ಮುಖ ಬರೆಯುತ್ತಿದ್ದಾನೆ! "ಯಲ್ಲಾ, ಬೇಗ ಗೇಬ್ರಿಯಲ್!" ಅಂತ ಕಿರುಚಿದೆ. "ಒಂದೇ ನಿಮಿಷ, ಸರ್ ಧನು." ಅವನ ಒಂದು ನಿಮಿಷ ಎಷ್ಟುದ್ದ ಅಂತ ನಿಮಗೆಲ್ಲ ಗೊತ್ತಲ್ಲ? ಪಕೀರಬ್ಬ ತುಟಿ ಮಾತ್ರ ಆಡಿಸಿ, "ಎಂತ ಸರ್ ಇದು, ನನ್ನ ಕಾಲು ಜೋಮು ಹಿಡ್ದು ಹೋಯ್ತು ಮಾರಾಯ್ರೆ" ಅಂದರು. ಆದರೂ ಕದಲಲಿಲ್ಲ. ಆ ಮುಖ ಗೋಡೆಗೆ ತಿರುಗಿಕೊಂಡೇ ಇಡೀ ವರ್ಲ್ಡ್ ಕಪ್ ಕಳೆಯಿತು. ಕಪ್ ಮುಗಿದು ಬೋರ್ಡು ಬಿಚ್ಚಿದಾಗ ಪಕೀರಬ್ಬ ಅದನ್ನು ಮನೆಗೆ ಒಯ್ದರು.

ಹೀಗೆ ಮಾಡಿದ್ದನ್ನೆಲ್ಲ ಹಂಚಿಬಿಟ್ಟ. ಹೋದ ವಾರ ಎದೆ ಹಿಡಿದುಕೊಂಡು ಕುಸಿದವನು ಏಳಲೇ ಇಲ್ಲ. ನಲವತ್ತಾರು ಒಂದು ವಯಸ್ಸೇನ್ರೀ? ರೂಮಿನಲ್ಲಿ ನೋಡಿದರೆ ಒಣಗಿದ ಬ್ರಷ್ಷು ಬಿಟ್ಟು ಏನೂ ಇಲ್ಲ. ಊರಿನಲ್ಲಿ ಅವನ ತಾಯಿ, ಮಗ ಕತಾರಿನಲ್ಲಿ ಬಾಣ ಹಾಕಿ ಆಯುಷ್ಯ ಹಾಳುಮಾಡಿಕೊಂಡ ಅಂತಲೇ ಅಂದುಕೊಂಡಿದ್ದಾರೆ. ನಾಳೆ ಹೊರಡುವ ರೋಸ್‌ಮೇರಿ, "ಅಮ್ಮನಿಗೆ ಏನು ತೋರಿಸಲಿ?" ಅಂತ ನನ್ನನ್ನು ಕೇಳಿದರು.

ನಿಮಗೆಲ್ಲ ಫೋನ್ ಮಾಡಿದೆ. ಅವನು ಕೊಟ್ಟದ್ದನ್ನು ಇವತ್ತು ತಂದು ವಾಪಸ್ ಕೊಡಿ ಅಂದೆ. ಒಬ್ಬರಾದರೂ ಒಪ್ಪಿದಿರಾ? "ತರ್ತೇನೆ ಸರ್, ಕೊಡುದಿಲ್ಲ. ನನ್ನ ಮುಖ ಅಲ್ವಾ ಅದು?" ಅಂದರು ಪಕೀರಬ್ಬ. ಲುಂಗಿಗೆ ಬೈದ ಹೇಮಲತಾ ಮೇಡಂ, ಪರದೆಯ ಅದೇ ಲುಂಗಿಯ ತುಂಡಿಗೆ ಫ್ರೇಮ್ ಹಾಕಿಸಿ ಮದೀನತ್ ಖಲೀಫಾ ಬಡಾವಣೆಯ ತಮ್ಮ ಮನೆಯಲ್ಲಿ ತೂಗುಹಾಕಿದ್ದಾರೆ, ಮುಟ್ಟಲು ಬಿಡುವುದಿಲ್ಲ! ಎಂಥ ಜನ ರೀ ನೀವು! ತಲೆ ಕೆಟ್ಟು ರೋಸ್‌ಮೇರಿಗೆ ಹೇಳಿದೆ. ಇಲ್ಲಿಗೆ ಬಂದ ಮೇಲೆ ಅವರು ಮೊದಲ ಸಲ ನಕ್ಕರು. "ಯಾರೂ ಕೊಡುವುದಿಲ್ಲವಾ? ಹಾಗಾದರೆ ಅಮ್ಮನಿಗೆ ಅದನ್ನೇ ತೋರಿಸುತ್ತೇನೆ" ಅಂದರು. ಅಂದಹಾಗೆ, ಆ ಸಿಡುಕ ಮ್ಯಾನೇಜರ್ ಕಥೆ ನನ್ನ ಹತ್ತಿರ ಇದೆ. ನಾನೂ ಕೊಡುವುದಿಲ್ಲ.

ಈಗ ಎಲ್ಲರೂ ದಯವಿಟ್ಟು ಏಳಿ. ಕುರ್ಚಿಯ ಕೆಳಗೆ ಇಟ್ಟುಕೊಂಡಿರುವುದನ್ನು ತೆಗೆದು ಎದೆಗೆ ಹಿಡಿಯಿರಿ. ಪಕೀರಬ್ಬ, ಬೋರ್ಡು ತಿರುಗಿಸಿ — ಬಾಣ ಅಲ್ಲ, ಮುಖ ಈ ಕಡೆ. ರೋಸ್‌ಮೇರಿ ತಾಯಿಗೋಸ್ಕರ ಫೋಟೊ ತೆಗೆಯುತ್ತಾರೆ. ಮಾತು ಬೇಡ. ಅಲ್ಲಾಡಬೇಡಿ. ಗೇಬ್ರಿಯಲ್‌ಗಾಗಿ ಒಂದು ನಿಮಿಷ ನಿಲ್ಲುವುದು ಹೇಗೆ ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.