ಇಂಜಿನ್ ಬಿಚ್ಚಿದ ಬೇರೆ ಕೈ

ಪೆಟ್ರೋಲ್ ಬಂಕಿನ ಸಾಲಿನಲ್ಲಿ ಟೀಚರಮ್ಮನ ಸ್ಕೂಟರಿನ ಮುಂದೆ ನಾನೂರು ಸಿಸಿಯ ಬೈಕೊಂದು ಗುಡುಗುಡು ಅನ್ನುತ್ತಿತ್ತು. ಮೈಮೇಲೆ ಮುಚ್ಚಳವಿಲ್ಲ, ಇಂಜಿನ್ನೆಲ್ಲ ಹೊರಗೇ. ಡಬ್ಬ ಹಿಡಿದು ಬಂದ ಗ್ಯಾರೇಜ್ ಮೇಸ್ತ್ರಿಯೊಬ್ಬ ಅದರ ಸದ್ದಿಗೆ ಗಕ್ಕನೆ ನಿಂತುಬಿಟ್ಟ. ಟೀಚರಮ್ಮನ ಕಿವಿಯೂ ಅತ್ತಲೇ ಹೋಯಿತು.

"ಯಾರಪ್ಪಾ ಇಂಜಿನ್ ಬಿಚ್ಚಿದ್ದು?"

"ಯಾರೂ ಇಲ್ಲ ಮೇಸ್ತ್ರಿ," ಅಂದ ಬೈಕಿನವನು.

"ಆರು ವರ್ಷದಿಂದ ಇದರ ಕೆಮ್ಮು ಕೇಳಿದೀನಿ. ನನ್ನ ಕಿವಿಗೇ ಹೂ ಇಡ್ತೀಯಾ?"

"ಅದೇ... ಸರ್ಕಲ್ ಹತ್ರ ಹೊಸ ಗ್ಯಾರೇಜ್ ಹಾಕಿದಾಳಲ್ಲ, ಆ ಹುಡುಗಿ."

"ನಾನೇನು ಸತ್ತಿದ್ನಾ?"

"ಹ್ಯಾಂಡಲ್ ಹಿಡಿದ್ರೆ ಕೈ ಜುಮ್ ಅಂತಿತ್ತಣ್ಣ. ಒಂದೇ ಸಿಲಿಂಡರು, ಹಂಗೇ ಇರತ್ತೆ ಅಂದ್ಬಿಟ್ರಿ ನೀವು."

"ಅವಳೇನಂದ್ಲು?"

"ಒಳಗಿನ ಬ್ಯಾಲೆನ್ಸರ್ ಗೇರು ಒಂದು ಹಲ್ಲು ಆಚೆ ಕೂತಿದೆ ಅಂದ್ಲು. ಪಿಸ್ಟನ್ ಕುಣಿತಕ್ಕೆ ಅದು ಎದುರು ತೂಕ ಕೊಡ್ತಿಲ್ಲ ಅಂತ."

"ಓಹೋ, ಪಂಡಿತೆ! ಎಕ್ಸಲೇಟರ್ ಕೊಡು, ನೋಡೋಣ."

ಮೇಸ್ತ್ರಿ ಹ್ಯಾಂಡಲ್ ಹಿಡಿದ, ಟ್ಯಾಂಕ್ ಮುಟ್ಟಿದ, ಬಗ್ಗಿ ಫುಟ್‌ರೆಸ್ಟಿನ ಮೇಲೂ ಅಂಗೈ ಇಟ್ಟ. ಮುಖ ಸಪ್ಪಗಾಯಿತು.

"ಜುಮ್ ಅನ್ನಲ್ಲ, ಅಲ್ವಾ?"

"ಇಲ್ಲ."

"ಒಂದೇ ದಿನದಲ್ಲಿ ಮುಗಿಸಿದ್ಲು."

"ಕೇಳಿದ್ನಾ ನಾನು?"

ಸಾಲು ಸರಿಯಿತು. ಬೈಕಿನವನು ಕಾಲಲ್ಲೇ ಬೈಕು ತಳ್ಳಿಕೊಂಡು ಮುಂದಾದ. ಮೇಸ್ತ್ರಿ ಬಗ್ಗಿದವನು ಬಗ್ಗಿದಂತೆಯೇ ಪಕ್ಕದಲ್ಲಿ ನಡೆದ.

"ಚೈನ್ ಸಡಿಲ ಇದೆ ನೋಡು."

"ಹೌದಾ? ನಾಳೆ ಆ ಕಡೆ ಹೋಗ್ತೀನಿ, ಅವಳ ಹತ್ರಾನೇ..."

"ಏಯ್! ಸಂಜೆ ನನ್ನ ಹತ್ರ ತಗೊಂಡು ಬಾ." ಆಮೇಲೆ ದನಿ ತಗ್ಗಿತು. "ಚೈನಾದ್ರೂ ನನಗೆ ಬಿಡೋ ಮಾರಾಯ."

ಇಬ್ಬರೂ ಪಂಪಿನತ್ತ ಹೋದರು.