‘ಇದು ಸ್ಪಷ್ಟ’

ದಿನವಿಡೀ ಕಂಡವರ ಮಾತಿಗೆ ಕಿವಿಗೊಟ್ಟು ಅಭ್ಯಾಸವಾದ ಕಂಡಕ್ಟರು ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೆನ್ನೆ ಹಿಡಿದು ಕೂತಿದ್ದರು. ಪಕ್ಕದ ಬೆಂಚಿನಲ್ಲಿ ಕಂಪ್ಯೂಟರ್ ಪಾಠದ ಮೇಷ್ಟ್ರು ಮತ್ತು ಅವರ ಶಿಷ್ಯೆ ವಾದಿಸುತ್ತಿದ್ದುದನ್ನು ಕೇಳುತ್ತ ಅವರಿಗೆ ನೋವೇ ಮರೆತುಹೋಯಿತು.

“ಜರ್ನಲ್‌ನವರು ನಮ್ಮ ಸಂಶೋಧನೆ ಪೇಪರ್ ಒಪ್ಪಿದಾರೆ ಕಣಮ್ಮ. ಈಗ ಅಚ್ಚು ಹಾಕಬೇಡಿ ಅಂತ ಬರೀತೀಯಾ?”

“ಬರೀಲೇಬೇಕು ಸರ್. ಯಾವ ಕಂಪ್ಯೂಟರಿಗೂ ಆ ಲೆಕ್ಕ ಬೇಗ ಬಿಡಿಸೋಕಾಗಲ್ಲ ಅಂದಿದೀವಿ. ಆದ್ರೆ ಅದನ್ನ ಸಾಧಿಸಿ ತೋರಿಸೋ ಪ್ರೂಫ್ ಮಧ್ಯೆ ತೂತಿದೆ.”

“ಜರ್ನಲ್ ಪರವಾಗಿ ಪರೀಕ್ಷೆ ಮಾಡಿದ ಮೂರು ಜನಕ್ಕೂ ಕಾಣದ ತೂತಾ?”

“ಹೇಗೆ ಕಾಣುತ್ತೆ? ಅದರ ಮೇಲೆ ‘ಇದು ಸ್ಪಷ್ಟ’ ಅಂತ ಬರೆದು ಮುಚ್ಚಿದೀವಿ. ಸ್ಪಷ್ಟ ಅಂದ್ಮೇಲೆ ಎಲ್ರೂ ತಲೆಯಾಡಿಸಿ ಮುಂದೆ ಹೋಗ್ತಾರೆ.”

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

“ಆ ಮಾತು ಬರೆದಿದ್ದು ನಾನು.”

“ಗೊತ್ತು ಸರ್. ನಾನೂ ತಲೆಯಾಡಿಸಿದ್ದೆ.”

“ಮತ್ತೆ ನಿನಗೆ ಹೇಗೆ ಸಿಕ್ತು?”

“ತಂಗಿಗೆ ವಿವರಿಸ್ತಿದ್ದೆ. ‘ಅದ್ಯಾಕೆ ಸ್ಪಷ್ಟ?’ ಅಂದ್ಲು. ಬೆಬ್ಬೆಬ್ಬೆ ಅಂದುಬಿಟ್ಟೆ.”

“ಕೆಲಸದ ಇಂಟರ್‌ವ್ಯೂ ಹತ್ತಿರ ಬಂತು. ಈ ಪೇಪರ್ ಬಿಟ್ರೆ ನಿನ್ನ ಕೈಯಲ್ಲಿ ಏನೂ ಇಲ್ಲ.”

“ಇದೂ ಇಲ್ಲ ಸರ್. ಇದೆ ಅಂದ್ಕೊಂಡಿದ್ವಿ, ಅಷ್ಟೇ.”

“ತೂತು ಮುಚ್ಚೋಕಾಗಲ್ವಾ?”

“ಆಗೋವರೆಗೂ ಬಿಡಲ್ಲ. ಆದ್ರೆ ಮೊದಲು ಅವರಿಗೆ ತಿಳಿಸ್ತೀನಿ.”

ನರ್ಸ್ ಬಾಗಿಲು ತೆರೆದು ಮೇಷ್ಟ್ರನ್ನು ಕರೆದಳು. ಮೇಷ್ಟ್ರು ಎದ್ದು ನಿಂತರು.

“ಬರೆಯೋದು ಖಂಡಿತ ಅಂದ್ರೆ, ಪತ್ರದ ಕೆಳಗೆ ನನ್ನ ಹೆಸರೂ ಹಾಕು. ಖಂಡಿತ ತಾನೇ?”

“ಇದು ಸ್ಪಷ್ಟ ಸರ್,” ಎಂದು ಶಿಷ್ಯೆ ಅವರ ಚೀಲ ಎತ್ತಿಕೊಂಡು ಹಿಂದೆಯೇ ಒಳಗೆ ಹೋದಳು.