ಚಿನ್ನಿ ಇದ್ದ ಜಾಗದಲ್ಲಿ ಮೇಜು

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಒಬ್ಬರು ನಿವೃತ್ತ ಟೀಚರೂ ಅವರ ಹಳೆಯ ಶಿಷ್ಯೆಯೂ ನಿಂತಿದ್ದರು. ಟೀಚರ ಕೈಯಲ್ಲಿ ಹೊಸ ವ್ಯಾಕರಣ ಪುಸ್ತಕವಿತ್ತು.

"ವಿಭಕ್ತಿ ಪಾಠ ಪೂರ್ತಿ ನನ್ನ ನೋಟ್ಸು. ಹೆಸರು ಮಾತ್ರ ನಿಂದು."

"ಮುಂದಿನ ಮುದ್ರಣದಲ್ಲಿ ನಿಮ್ಮ ಹೆಸರೂ ಹಾಕಿಸ್ತೀನಿ ಟೀಚರ್."

"ನನ್ನ ಹೆಸರು ಹಾಳಾಗಿ ಹೋಗ್ಲಿ. ನಾನು ಚಿನ್ನಿ, ಚಿನ್ನಿಯನ್ನು, ಚಿನ್ನಿಗೆ ಅಂತ ಬರೆದಿದ್ದೆ. ನೀನು ಅಲ್ಲಿ ಮೇಜು ತಂದಿಟ್ಟಿದೀಯ."

"ಚಿನ್ನಿ ಅಂದ್ರೆ ಯಾರು ಅಂತ ಮಕ್ಕಳು ಕೇಳ್ತಾರೆ ಅನ್ನಿಸ್ತು."

"ನಿನಗೆ ಗೊತ್ತಿತ್ತಲ್ಲ. ಇಬ್ರೂ ಒಂದೇ ಬೆಂಚಲ್ಲಿ ಕೂರ್ತಿದ್ರಿ."

ಶಿಷ್ಯೆ ಬಸ್ಸು ಬರುವ ದಾರಿಯ ಕಡೆ ತಿರುಗಿದಳು.

"ನನ್ನ ಮಗಳು ತೀರ್ಕೊಂಡ್ಮೇಲೂ ವರ್ಷಾ ವರ್ಷಾ ಇಡೀ ಕ್ಲಾಸು ಅವಳ ಹೆಸರನ್ನ ಗಟ್ಟಿಯಾಗಿ ಹೇಳೋದು. ಅದನ್ನ ಕೇಳ್ಕೊಂಡೇ ಇಷ್ಟು ದಿನ ಇದ್ದೆ."

ಬಸ್ಸು ಬಂತು. ಟೀಚರು ಪುಸ್ತಕವನ್ನು ಶಿಷ್ಯೆಯ ಕೈಗಿಟ್ಟು ಹತ್ತಿದರು. ಅದೇ ಬಸ್ಸಿಗೆ ಕಾದಿದ್ದ ಶಿಷ್ಯೆ ಹತ್ತಲಿಲ್ಲ.